ಕುಣಿ ಸಂಖ್ಯೆ ಹದಿನೇಳು

ನಾನು ಟೇಪು ಹಿಡಿಯುವವನು. ಹೆಸರು ಅಯ್ಯಾಳಪ್ಪ.
ಗಿರಣಿ ವಿಭಾಗದಲ್ಲಿ ಇಪ್ಪತ್ತೈದು ವರ್ಷ, ಅದಕ್ಕೂ ಮೊದಲು ಆರು ವರ್ಷ ಕೆಳಗೆ.
ಹಟ್ಟಿಯಲ್ಲಿ ಕೆಳಗೆ ಅಂದರೆ
ಎಲ್ಲಿ ಎಂದು ಯಾರೂ ಕೇಳುವುದಿಲ್ಲ.
ಈಗ ಸಬೀಹಾ ಮೇಡಂ ಹಿಂದೆ, ಬಂಡೆಯಿಂದ ಬಂಡೆಗೆ,
ಛತ್ರಿ, ಸೀಮೆಸುಣ್ಣ, ನೀರಿನ ಬಾಟಲಿ.
ಅವರು ಹುಡುಕುವುದು ಬಂಗಾರವನ್ನಲ್ಲ,
ಬಂಗಾರ ಅರೆದ ಕಲ್ಲಿನ ತಗ್ಗನ್ನು.

ಹದಿನಾರು ಕುಣಿ ಮುಗಿದವು ಹತ್ತು ಗಂಟೆಯೊಳಗೆ.
ಅಗಲ, ಆಳ, ಅಂಚಿನ ನುಣುಪು.
ಒಂದರಲ್ಲಿ ಆಡಿನ ಹಿಕ್ಕೆ,
ಒಂದರಲ್ಲಿ ಯಾರೋ ಆಡಿ ಬಿಟ್ಟ ಐದು ಹುಣಸೆಬೀಜ.

ಮೊದಲು ಬೆಂಕಿ, ಎನ್ನುತ್ತಾರೆ ಮೇಡಂ.
ಬಂಡೆಗೆ ಸೌದೆ ಒಟ್ಟಿ ರಾತ್ರಿಯಿಡೀ ಉರಿಸಿ
ಕಾದ ಮೈಗೆ ತಣ್ಣೀರು ಎರಚಿ
ಬಿರಿದ ಬೆಣಚುಕಲ್ಲನ್ನು ಬುಟ್ಟಿಯಲ್ಲಿ ಮೇಲೆ ಹೊತ್ತು
ಇಲ್ಲಿ ಕುಟ್ಟಿ, ಇಲ್ಲಿ ಅರೆದು, ಹಳ್ಳದಲ್ಲಿ ಜಾಲಿಸಿ...
ಕೈಯಾಡಿಸಿ ತೋರಿಸುತ್ತಾರೆ. ನಾನು ಹೂಂ ಅನ್ನುತ್ತೇನೆ.
ನನ್ನ ಗಿರಣಿಯೂ ಮಾಡುತ್ತಿದ್ದದ್ದು ಅದನ್ನೇ,
ಸದ್ದು ಮಾತ್ರ ಜಾಸ್ತಿ.

ಹೇಳಲೋ ಬೇಡವೋ ಅಂತಿದ್ದೆ. ಹೇಳಿಬಿಟ್ಟೆ.
ಕೆಳಗಿದ್ದ ನಾಲ್ಕನೇ ವರ್ಷ, ರಾತ್ರಿ ಪಾಳಿ,
ಕೊರೆಯುವ ಸರಳು ಗಕ್ಕನೆ ಹಗುರಾಯಿತು.
ಆಚೆ ಕಲ್ಲಿಲ್ಲ.
ಹಳೇ ಕೆಲಸ! ಮೇಸ್ತ್ರಿ ಕೂಗಿದ, ನೀರು ಬರ್ತದ, ಸರೀರಲೇ!
ನೀರು ಬರಲಿಲ್ಲ. ಬಂದದ್ದು ಗಾಳಿ,
ಒಲೆ ಆರಿಸಿ ಬೀಗ ಹಾಕಿದ ಮನೆಯ ವಾಸನೆ.
ಮೂರು ದಿನ ಬಿಟ್ಟು ಒಳಗೆ ತೂರಿದವನು ನಾನು.
ಬೊಗಸೆಗಟ್ಟಲೆ ಇದ್ದಿಲು. ಒಂದು ತುಂಡು
ಊಟದ ಡಬ್ಬಿಯಲ್ಲಿ ಮೇಲೆ ಬಂತು.

ಮೇಡಂ ಬರೆಯುವುದನ್ನು ನಿಲ್ಲಿಸಿದರು.
ಎಲ್ಲಿದೆ ಅದು?
ಮಗಳಿಗೆ ಕೊಟ್ಟೆ, ಮೂರು ವರ್ಷದಾಕಿ.
ಗೋಡೆಗೆ ಕುದುರೆ ಬರದ್ಲು. ಆರು ಕಾಲಿನ ಕುದುರಿ.
ಗೋಡೆ?
ಸುಣ್ಣ ಹೊಡದೇವ್ರಿ. ವರ್ಷಾ ಹೊಡೀತೀವಿ.

ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ,
ತೆಗೆದು, ಮತ್ತೆ ಹಾಕಿ,
ಎಷ್ಟು ಪದರ? ಅಂದರು.

ಹದಿನೇಳನೆಯದು ಹುಸೇನಮ್ಮನ ಹಿತ್ತಿಲಲ್ಲಿ.
ಕುಣಿಯ ಮೈತುಂಬ ಕೆಂಪು ಖಾರ, ಬೆಳ್ಳುಳ್ಳಿ, ಹುರಿದ ಗುರೆಳ್ಳು.
ಬಳಿದು ತೆಗೆದ ಮೇಲೆ ಟೇಪು ಇಳಿಸಿದೆ.
ಒಂಬತ್ತು ಬೆರಳು!
ಉಳಿದವು ಯಾವುವೂ ಐದು ದಾಟಿರಲಿಲ್ಲ.
ಇಲ್ಲೇ ಎಲ್ಲಕ್ಕಿಂತ ಹೆಚ್ಚು ಅರೆದಿದ್ದಾರೆ, ಮೇಡಂ ದನಿ ಏರಿತು.

ಹೂಂನ್ರಿ, ಅಂದಳು ಹುಸೇನಮ್ಮ ಕೈ ತೊಳೆಯುತ್ತ.
ನಾ ಅರದೀನಿ. ನಮ್ಮತ್ತಿ ಅರದಾಳ.
ಆಕಿ ಅತ್ತಿಗೆ ಹನ್ನೊಂದು ಮಕ್ಕಳು,
ಎರಡೂ ಹೊತ್ತು ಅರೀತಿದ್ಲಂತ.
ಇದರಾಗ ಅವರದೆಷ್ಟು, ನಮ್ಮದೆಷ್ಟು, ನೀವ ಹೇಳ್ರಿ ಮತ್ತ.

ಬಂಗಾರದ ತಗ್ಗಿನಿಂದ ಖಾರದ ತಗ್ಗನ್ನು
ಹೇಗೆ ಕಳೆಯುವುದು?
ಗಿರಣಿಯಲ್ಲಿ ಗುಂಡು ಎಷ್ಟು ಸವೆಯಿತೆಂದು
ದಿನಾ ತೂಗಿ ಬರೆದವನು ನಾನು.
ನನಗೂ ಹೊಳೆಯಲಿಲ್ಲ.

ಮೇಡಂ ಬಗ್ಗಿದರು. ಕುಣಿಯ ತಳ ಸವರಿ ನೋಡಿದರು,
ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಬಹಳ ಹೊತ್ತು.
ಆಮೇಲೆ ಮರೆತು
ಅದೇ ಬೆರಳಲ್ಲಿ ಕಣ್ಣು ಒರೆಸಿಕೊಂಡರು.

ಅಯ್ಯಯ್ಯ, ಓದಿದಾಕಿ ನೋಡು! ಹುಸೇನಮ್ಮ
ಬಿಂದಿಗೆ ಎತ್ತಿ ಮುಖಕ್ಕೇ ಸುರಿದಳು,
ಸೆರಗಿನಿಂದ ಒತ್ತಿದಳು, ಉಫ್ ಅಂತ ಊದಿದಳು.
ಪುಸ್ತಕ ನೆನೆಯದಂತೆ ನಾನು ಎತ್ತಿ ಹಿಡಿದೆ.
ಕಾಲ ಅನ್ನುವ ಕಾಲಮ್ಮಿನಲ್ಲಿ ಹದಿನಾರು ಸಲ
ಪ್ರಾಚೀನ, ಪ್ರಾಚೀನ, ಪ್ರಾಚೀನ.
ಇದನ್ನ ಖಾಲಿ ಬಿಡ್ಲೇನ್ರಿ?

ಒಂದು ಕಣ್ಣು ಮುಚ್ಚಿಕೊಂಡೇ ಹೇಳಿದರು,
ಬರೀರಿ, ಕೆಲಸ ನಡೀತಿದೆ.

ಬರೆದೆ. ಅಕ್ಷರ ಸ್ವಲ್ಪ ಸೊಟ್ಟ ಬಂತು.
ಅಷ್ಟರಲ್ಲಿ ಪಾಳಿಯ ಸೈರನ್.
ಗುಂಡುಕಲ್ಲು ತಿರುಗಿಸುತ್ತಿದ್ದ ಹುಸೇನಮ್ಮ
ಉಪ್ಪು ಹಾಕುವುದನ್ನೇ ಮರೆತು
ಒಳಗೆ ಓಡಿದಳು.